ಗೆರೆ ಎಳೆದ ಕೈ ಬರೆದ ಚರಿತ್ರೆ

ಪಾಂಡಿತ್ಯದ ಲೋಕದಲ್ಲೂ ಮೇಲುಕೀಳುಗಳಿವೆ. ಸಿದ್ಧಾಂತ ಕಟ್ಟುವವರು ಗದ್ದುಗೆಯ ಮೇಲೆ. ಅಳೆಯುವವರು, ನಕಲು ಬರೆಯುವವರು, ಪಟ್ಟಿ ಮಾಡುವವರು ಹೊರಜಗಲಿಯ ಮೇಲೆ. ಮೊದಲಿನವರ ಹೆಸರು ಪುಸ್ತಕದ ಬೆನ್ನಿನ ಮೇಲೆ ಅಚ್ಚಾಗುತ್ತದೆ. ಎರಡನೆಯವರ ಹೆಸರು ಮುನ್ನುಡಿಯ ಕೊನೆಯಲ್ಲಿ, ಕೃತಜ್ಞತೆಯ ಸಾಲಿನಲ್ಲಿ ಬಂದರೆ ಅದೇ ಪುಣ್ಯ. ಈ ಶ್ರೇಣಿ ಎಷ್ಟು ಹುಸಿಯಾದುದು ಎಂಬುದಕ್ಕೆ ಮಧ್ಯ ಅಮೆರಿಕದ ಪ್ರಾಚೀನ ಮಾಯಾ ನಾಗರಿಕತೆಯ ಅಧ್ಯಯನದಲ್ಲಿ ಒಂದು ಗಟ್ಟಿ ಸಾಕ್ಷ್ಯವಿದೆ. 1960ರಲ್ಲಿ ‘ಅಮೆರಿಕನ್ ಆಂಟಿಕ್ವಿಟಿ’ ಎಂಬ ವಿದ್ವತ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಗ್ವಾಟೆಮಾಲಾದ ಪಿಯೆದ್ರಾಸ್ ನೆಗ್ರಾಸ್ ಎಂಬ ಹಾಳೂರಿನ ಶಾಸನಗಳಲ್ಲಿ ತಾರೀಖುಗಳು ಯಾವ ಕ್ರಮದಲ್ಲಿ ಬರುತ್ತವೆ ಎಂಬುದಷ್ಟೇ ಅದರ ವಿಷಯ. ಬರೆದವರು ತತಿಯಾನಾ ಪ್ರೊಸ್ಕೂರಿಯಾಕಾಫ್. ಅವರ ಬಳಿ ಪುರಾತತ್ವದ ಪದವಿ ಇರಲಿಲ್ಲ, ಡಾಕ್ಟರೇಟ್ ಇರಲಿಲ್ಲ. ಇದ್ದದ್ದು ವಾಸ್ತುಶಿಲ್ಪದ ಒಂದು ಪದವಿ ಮತ್ತು ಎರಡು ದಶಕ ಗೆರೆ ಎಳೆದು ಪಳಗಿದ ಕೈ. ಆ ಒಂದು ಲೇಖನದಿಂದ ಮಾಯಾ ಜನರ ಬಗ್ಗೆ ಅರ್ಧ ಶತಮಾನ ಬೆಳೆದುಬಂದಿದ್ದ ನಂಬಿಕೆಯ ಬುಡವೇ ಅಲುಗಿತು. ಅವರ ಬದುಕನ್ನು ಪ್ರತಿಭೆಯ ಪವಾಡವೆಂದು ಹೊಗಳಿ ಮುಗಿಸುವುದು ಸುಲಭ. ಆದರೆ ಆ ಬದುಕು ಹೇಳುವುದು ಬೇರೆಯದೇ ಮಾತು: ಪಟ್ಟಿ ಮಾಡುವುದು, ನಕಲು ತೆಗೆಯುವುದು ಜ್ಞಾನಕ್ಕೆ ಮುಂಚಿನ ಊಳಿಗವಲ್ಲ; ಅದೇ ಜ್ಞಾನ.

ಅಲುಗಿದ ನಂಬಿಕೆ ಯಾವುದೆಂದು ಮೊದಲು ನೋಡಬೇಕು. ಕ್ರಿ.ಶ. 250ರಿಂದ 900ರವರೆಗಿನ ಕಾಲದಲ್ಲಿ ಇಂದಿನ ಗ್ವಾಟೆಮಾಲಾ, ದಕ್ಷಿಣ ಮೆಕ್ಸಿಕೊ, ಬೆಲೀಜ್ ಮತ್ತು ಹೊಂಡುರಾಸಿನ ಕಾಡುಗಳಲ್ಲಿ ಮಾಯಾ ನಗರಗಳು ಬೆಳಗಿದವು. ಅಂಗಳಗಳಲ್ಲಿ ಆಳೆತ್ತರಕ್ಕೂ ಮಿಗಿಲಾದ ನಿಲುಗಲ್ಲುಗಳನ್ನು ನೆಟ್ಟರು. ಅವುಗಳ ಮೇಲೆ ಗರಿಗಳ ಶಿರೋಭೂಷಣ ತೊಟ್ಟ ಆಕೃತಿಗಳನ್ನೂ ಸಾಲುಸಾಲು ಚಿತ್ರಾಕ್ಷರಗಳನ್ನೂ ಕೆತ್ತಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ವಿದ್ವಾಂಸರಿಗೆ ಅಲ್ಲಿನ ಅಂಕಿಗಳೂ ಪಂಚಾಂಗವೂ ಅರ್ಥವಾದವು. ಕಲ್ಲಿನ ಮೇಲಿನ ದಿನಾಂಕ ಓದಬಹುದಿತ್ತು, ಮುಂದೆ ಚಂದ್ರನ ಲೆಕ್ಕವನ್ನೂ ಓದಬಹುದಾಯಿತು. ಉಳಿದ ಅಕ್ಷರಗಳು ಮೂಕವಾಗಿದ್ದವು. ಇಲ್ಲಿಯೇ ಒಂದು ವಿಚಿತ್ರ ತರ್ಕ ನುಸುಳಿತು. ತಮಗೆ ಕಾಲಗಣನೆ ಮಾತ್ರ ಓದಲು ಬರುತ್ತಿದ್ದುದರಿಂದ, ಮಾಯಾ ಜನ ಬರೆದದ್ದೂ ಕಾಲಗಣನೆಯನ್ನು ಮಾತ್ರ ಎಂದು ವಿದ್ವಾಂಸರು ತೀರ್ಮಾನಿಸಿದರು. ಸಿಲ್ವೇನಸ್ ಮಾರ್ಲಿ ಮತ್ತು ಎರಿಕ್ ಥಾಂಪ್ಸನ್ ಅವರಂಥ ಘಟಾನುಘಟಿಗಳು ಈ ಚಿತ್ರಕ್ಕೆ ಬಣ್ಣ ತುಂಬಿದರು: ಮಾಯಾ ಊರುಗಳು ನಗರಗಳಲ್ಲ, ಪೂಜಾಕ್ಷೇತ್ರಗಳು, ಅಲ್ಲಿದ್ದವರು ಅರಸರಲ್ಲ, ಕಾಲವನ್ನೇ ಆರಾಧಿಸುತ್ತ ನಕ್ಷತ್ರ ನೋಡುತ್ತಿದ್ದ ಶಾಂತ ಪುರೋಹಿತರು, ಕಲ್ಲಿನ ಮೇಲೆ ಇರುವುದು ದೇವತೆಗಳು, ಮನುಷ್ಯರಲ್ಲ. ಎರಡು ಮಹಾಯುದ್ಧಗಳನ್ನು ಕಂಡ ಪೀಳಿಗೆಗೆ ಯುದ್ಧವನ್ನೇ ಅರಿಯದ ಒಂದು ನಾಗರಿಕತೆ ಎಲ್ಲಾದರೂ ಇದ್ದಿರಲಿ ಎನ್ನಿಸಿದ್ದರೆ ಅದು ಅರ್ಥವಾಗದ ಬಯಕೆಯೇನಲ್ಲ. ಆದರೆ ಬಯಕೆ ಬಲವಾದಾಗ ಕಣ್ಣಿಗೆ ಕಂಡದ್ದೂ ಕಾಣದಾಗುತ್ತದೆ. 1946ರಲ್ಲಿ ಬೋನಂಪಾಕ್ ಎಂಬ ಮಾಯಾ ಹಾಳೂರಿನ ಗೋಡೆಚಿತ್ರಗಳು ಹೊರಜಗತ್ತಿಗೆ ಕಂಡವು. ಈಟಿ ಹಿಡಿದ ಯೋಧರು, ಬೆರಳಿಂದ ರಕ್ತ ತೊಟ್ಟಿಕ್ಕುವ ಸೆರೆಯಾಳುಗಳು, ಮೆಟ್ಟಿಲಿನ ಮೇಲೆ ನಿಂತ ಒಡೆಯ ಎಲ್ಲವೂ ಬಣ್ಣದಲ್ಲಿ ಎದುರಿಗಿದ್ದವು. ಅದನ್ನೂ ಯಾವುದೋ ಸಣ್ಣ ಲೂಟಿಯ ದೃಶ್ಯವೆಂದು ಬದಿಗೆ ಸರಿಸಲಾಯಿತು.

ಈ ಸಿದ್ಧಾಂತಿಗಳ ಕೂಟಕ್ಕೆ ತತಿಯಾನಾ ಬಂದದ್ದು ಹಿತ್ತಲ ಬಾಗಿಲಿಂದ. ಅವರು ಹುಟ್ಟಿದ್ದು 1909ರಲ್ಲಿ, ಸೈಬೀರಿಯಾದ ತೋಮ್ಸ್ಕ್ ಎಂಬ ಊರಿನಲ್ಲಿ. ತಂದೆ ರಸಾಯನಶಾಸ್ತ್ರ ಬಲ್ಲ ಎಂಜಿನಿಯರ್, ತಾಯಿ ವೈದ್ಯೆ. ಮೊದಲ ಮಹಾಯುದ್ಧದ ನಡುವೆ, ರಷ್ಯದ ಸೇನೆಗಾಗಿ ಅಮೆರಿಕದಲ್ಲಿ ತಯಾರಾಗುತ್ತಿದ್ದ ಮದ್ದುಗುಂಡುಗಳ ತಪಾಸಣೆಗೆ ತಂದೆಯನ್ನು ತ್ಸಾರ್ ಸರ್ಕಾರ ಕಳುಹಿಸಿತು, ಸಂಸಾರವೂ ಹೋಯಿತು. 1917ರ ಕ್ರಾಂತಿಯಾದ ಮೇಲೆ ಮರಳಿ ಹೋಗಲು ಹಳೆಯ ರಷ್ಯವೇ ಉಳಿಯಲಿಲ್ಲ. ಫಿಲಡೆಲ್ಫಿಯಾದ ಹೊರವಲಯದಲ್ಲಿ ಬೆಳೆದ ಹುಡುಗಿ 1930ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್‌ನಿಂದ ವಾಸ್ತುಶಿಲ್ಪದ ಪದವಿ ಪಡೆದರು. ಅದು ಮಹಾ ಆರ್ಥಿಕ ಕುಸಿತದ ಕಾಲ. ಕಟ್ಟಡ ಕಟ್ಟಿಸುವವರೇ ಇಲ್ಲದಾಗ ಕಟ್ಟಡದ ನಕ್ಷೆ ಬರೆಯುವವರಿಗೆ ಕೆಲಸವೆಲ್ಲಿಯದು? ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಅವರು ಚಿತ್ರ ಬರೆದುಕೊಡತೊಡಗಿದರು. ಅಲ್ಲಿನ ಪುರಾತತ್ವಜ್ಞ ಲಿಂಟನ್ ಸ್ಯಾಟರ್ತ್‌ವೇಟ್ ಅವರಿಗೆ ಪಿಯೆದ್ರಾಸ್ ನೆಗ್ರಾಸ್ ಉತ್ಖನನಕ್ಕೆ ನಕ್ಷೆ ಬರೆಯುವವರೊಬ್ಬರು ಬೇಕಾಗಿತ್ತು. 1936ರಲ್ಲಿ ತತಿಯಾನಾ ಉಸುಮಸಿಂತಾ ನದಿಯ ದಂಡೆಯ ಆ ಕಾಡಿಗೆ ಕಾಲಿಟ್ಟರು. ಅವರು ಹೋದದ್ದು ಸಿದ್ಧಾಂತ ಮಂಡಿಸಲಿಕ್ಕಲ್ಲ, ಕುಸಿದ ಗೋಡೆ ಅಳೆಯಲಿಕ್ಕೆ.

ಅಳೆದು ಬರೆದ ಆ ಚಿತ್ರಗಳು ಎಷ್ಟು ಚೆನ್ನಾಗಿದ್ದವೆಂದರೆ ಮಾರ್ಲಿ ಅವರು ಕಾರ್ನೆಗಿ ಸಂಸ್ಥೆಯ ಪರವಾಗಿ ತತಿಯಾನಾ ಅವರನ್ನು ಕೋಪಾನ್‌ಗೆ, ಯುಕಾಟಾನ್‌ಗೆ ಕಳುಹಿಸಿದರು. ಅದರ ಫಲ 1946ರಲ್ಲಿ ಹೊರಬಂದ ಮಾಯಾ ವಾಸ್ತುಶಿಲ್ಪದ ಚಿತ್ರಸಂಪುಟ. ಈ ಸಂಪುಟದಲ್ಲಿ ಗಮನಿಸಬೇಕಾದ ಒಂದು ಶಿಸ್ತಿದೆ. ಹಾಳುಬಿದ್ದ ದೇಗುಲವೊಂದು ಅದರ ಕಾಲದಲ್ಲಿ ಹೇಗಿದ್ದಿರಬಹುದು ಎಂದು ಬರೆದ ಪ್ರತಿ ಚಿತ್ರದ ಜೊತೆಗೆ, ಈಗ ನಿಜವಾಗಿ ಉಳಿದಿರುವುದು ಎಷ್ಟು ಎಂಬುದನ್ನು ತೋರಿಸುವ ರೇಖಾಚಿತ್ರವೂ ಇದೆ. ಇಷ್ಟು ಕಂಡದ್ದು, ಇಷ್ಟು ಊಹಿಸಿದ್ದು ಎಂದು ಓದುಗರ ಮುಂದೆ ಲೆಕ್ಕ ಒಪ್ಪಿಸುವ ಪ್ರಾಮಾಣಿಕತೆ ಅದು. ಬಾಯಿಮಾತಿನಲ್ಲಿ ಸಿದ್ಧಾಂತ ಹೇಳುವವರು ಮಸುಕು ಜಾಗವನ್ನು ಮಾತಿನಲ್ಲೇ ದಾಟಿಬಿಡಬಹುದು. ಗೆರೆ ಎಳೆಯುವವರಿಗೆ ಆ ಸೌಕರ್ಯವಿಲ್ಲ. ಮೆಟ್ಟಿಲು ಇತ್ತೇ ಇಲ್ಲವೇ, ಕೈಯಲ್ಲಿರುವುದು ಈಟಿಯೇ ದಂಡವೇ, ಪ್ರತಿ ಅಂಗುಲದಲ್ಲೂ ತೀರ್ಮಾನ ಮಾಡಲೇಬೇಕು. 1950ರಲ್ಲಿ ಬಂದ ಮಾಯಾ ಶಿಲ್ಪಗಳ ಅಧ್ಯಯನದಲ್ಲಿ ಅವರು ಇದನ್ನೇ ಇನ್ನಷ್ಟು ಮುಂದೆ ಒಯ್ದರು. ನೂರಾರು ಆಕೃತಿಗಳ ಶಿರೋಭೂಷಣ, ಓಲೆ, ಪಾದರಕ್ಷೆ, ನಿಲುವು, ಗರಿಯ ಬಾಗು ಎಲ್ಲವನ್ನೂ ಬಿಡಿಬಿಡಿಯಾಗಿ ಗುರುತಿಸಿ, ಯಾವುದು ಯಾವ ಕಾಲದಲ್ಲಿ ಹೆಚ್ಚು ಕಾಣಿಸುತ್ತದೆ ಎಂದು ಎಣಿಸಿ, ತಾರೀಖು ಅಳಿಸಿಹೋದ ಕಲ್ಲಿಗೂ ಶೈಲಿಯಿಂದಲೇ ಕಾಲ ಕಟ್ಟುವ ದಾರಿ ಮಾಡಿದರು. ಓದುವವರಿಗೆ ನೀರಸವಾಗಿ ಕಾಣುವ ಕೆಲಸ. ಆದರೆ ಈ ಎಣಿಕೆ ಮುಗಿಯುವ ಹೊತ್ತಿಗೆ ಮಾಯಾ ಶಿಲ್ಪಗಳನ್ನು ಅವರಷ್ಟು ಹತ್ತಿರದಿಂದ ನೋಡಿದ್ದವರು ತೀರಾ ವಿರಳ.

ನೋಡಿದ ಫಲ ಪಿಯೆದ್ರಾಸ್ ನೆಗ್ರಾಸ್‌ನಲ್ಲಿ ಸಿಕ್ಕಿತು. ಆ ಊರಿನಲ್ಲಿ ಸರಿಸುಮಾರು ಐದು ವರ್ಷಕ್ಕೊಮ್ಮೆ, ಅಂದರೆ ಮಾಯಾ ಲೆಕ್ಕದ 1,800 ದಿನಕ್ಕೊಂದರಂತೆ, ನಿಲುಗಲ್ಲು ನೆಡುವ ರೂಢಿ ಇತ್ತು. ಕಲ್ಲುಗಳು ಎಲ್ಲೆಂದರಲ್ಲಿ ಇರಲಿಲ್ಲ. ಒಂದೊಂದು ದೇಗುಲದ ಮುಂದೆ ಗುಂಪುಗುಂಪಾಗಿ ನಿಂತಿದ್ದವು. ಪ್ರತಿ ಗುಂಪಿನ ಮೊದಲ ಕಲ್ಲಿನಲ್ಲಿ ಒಂದೇ ಬಗೆಯ ದೃಶ್ಯ: ಎತ್ತರದ ಗೂಡಿನಲ್ಲಿ ಕೂತ ಒಬ್ಬ ವ್ಯಕ್ತಿ, ಅಲ್ಲಿಗೆ ಹತ್ತಿಹೋಗಲು ಏಣಿ, ಏಣಿಯ ಮೇಲೆ ಹೆಜ್ಜೆಗುರುತು. ಇದನ್ನು ದೇವತೆಯೆಂದೇ ತಿಳಿಯಲಾಗಿತ್ತು. ತತಿಯಾನಾ ಪ್ರತಿ ಗುಂಪಿನ ತಾರೀಖುಗಳನ್ನೆಲ್ಲ ಸಾಲಾಗಿ ಬರೆದರು. ಗೂಡಿನ ಕಲ್ಲು ನೆಡುವುದಕ್ಕೆ ಸ್ವಲ್ಪ ಮುಂಚಿನ ಒಂದು ತಾರೀಖಿನ ಪಕ್ಕದಲ್ಲಿ, ಗಲ್ಲಕ್ಕೆ ಬಟ್ಟೆ ಕಟ್ಟಿದಂತಿರುವ ಹಕ್ಕಿತಲೆಯ ಚಿಹ್ನೆ ಬರುತ್ತಿತ್ತು. ವಿದ್ವಾಂಸರು ತಮಾಷೆಗೆ ಅದನ್ನು ‘ಹಲ್ಲುನೋವಿನ ಚಿಹ್ನೆ’ ಎನ್ನುತ್ತಿದ್ದರು. ಅದಕ್ಕೂ ಎಷ್ಟೋ ವರ್ಷ ಹಿಂದಿನ ಇನ್ನೊಂದು ತಾರೀಖಿಗೆ, ಮೇಲ್ಮುಖವಾಗಿ ನಿಂತ ಕಪ್ಪೆತಲೆಯ ಚಿಹ್ನೆ. ಆ ಎರಡು ದಿನಗಳ ವಾರ್ಷಿಕೋತ್ಸವಗಳು ಅದೇ ಗುಂಪಿನ ಕಲ್ಲುಗಳಲ್ಲಿ ಮತ್ತೆ ಮತ್ತೆ ಕಾಣಿಸಿ, ಮುಂದಿನ ಗುಂಪು ಆರಂಭವಾದೊಡನೆ ನಿಂತುಹೋಗುತ್ತಿದ್ದವು. ಒಂದು ಗುಂಪಿನ ಮೊದಲ ತಾರೀಖಿನಿಂದ ಕೊನೆಯ ತಾರೀಖಿಗೆ ಅರವತ್ತರ ಆಸುಪಾಸಿನ ವರ್ಷಗಳು. ಯಾವ ಗುಂಪೂ ಒಬ್ಬ ಮನುಷ್ಯನ ಆಯುಷ್ಯವನ್ನು ಮೀರಿರಲಿಲ್ಲ. ದೇವರಿಗಾದರೆ ಆಯುಷ್ಯದ ಮಿತಿ ಏಕೆ? ಕಪ್ಪೆತಲೆ ಹುಟ್ಟು, ಹಲ್ಲುನೋವು ಪಟ್ಟಾಭಿಷೇಕ, ಗೂಡಿನಲ್ಲಿ ಕೂತವನು ಹೊಸದಾಗಿ ಪಟ್ಟಕ್ಕೇರಿದ ಅರಸ. ಒಂದು ಗುಂಪೆಂದರೆ ಒಂದು ಆಳ್ವಿಕೆ. ಹೊರಗೆ ನಿಂತಿದ್ದ ಕಲ್ಲುಗಳೆಲ್ಲ ಒಂದೇ ಏಟಿಗೆ ರಾಜವಂಶದ ಚರಿತ್ರೆಯಾಗಿಬಿಟ್ಟವು.

ಈ ಶೋಧದಲ್ಲಿ ಒಂದು ಅಕ್ಷರವನ್ನೂ ಉಚ್ಚರಿಸಬೇಕಾಗಿ ಬರಲಿಲ್ಲ ಎಂಬುದೇ ಅದರ ಸೊಗಸು. ಆ ಅರಸರ ಹೆಸರು ತತಿಯಾನಾ ಅವರಿಗೆ ತಿಳಿಯದು, ಹುಟ್ಟು ಎನ್ನಲು ಮಾಯಾ ಭಾಷೆಯಲ್ಲಿ ಯಾವ ಶಬ್ದ ಬಳಸಿದ್ದಾರೆಂಬುದೂ ತಿಳಿಯದು. ತಿಳಿಯದ್ದನ್ನು ತಿಳಿದಂತೆ ನಟಿಸಲೂ ಇಲ್ಲ. ಆದರೂ ಅವರು ಕಂಡದ್ದು ಅರಸರನ್ನಷ್ಟೇ ಅಲ್ಲ. ಉದ್ದನೆಯ ನಿಲುವಂಗಿ ತೊಟ್ಟ ಆಕೃತಿಗಳನ್ನು ಅದುವರೆಗೆ ಪುರೋಹಿತರೆಂದು ಹೇಳಲಾಗುತ್ತಿತ್ತು. ಆ ಆಕೃತಿಗಳ ಪಕ್ಕದ ಬರಹದಲ್ಲಿ ಹೆಂಗಸಿನ ಮುಖದ ಚಿಹ್ನೆ ಬಿಡದೆ ಬರುವುದನ್ನು ಗುರುತಿಸಿ, ಅವರು ಪುರೋಹಿತರಲ್ಲ, ರಾಣಿಯರು ಎಂದು ತತಿಯಾನಾ ತೋರಿಸಿದರು. ಮೂರನೆಯ ಸಂಖ್ಯೆಯ ನಿಲುಗಲ್ಲಿನಲ್ಲಿ ಪೀಠದ ಮೇಲೆ ಕೂತಿರುವುದು ಒಬ್ಬ ತಾಯಿ, ಪಕ್ಕದಲ್ಲಿರುವುದು ಅವಳ ಪುಟ್ಟ ಮಗಳು. ಇಬ್ಬರ ಹುಟ್ಟಿದ ದಿನಗಳೂ ಕಲ್ಲಿನಲ್ಲೇ ಇವೆ. ಇಡೀ ನಾಗರಿಕತೆಯ ಹೆಂಗಸರು ಸಾವಿರ ವರ್ಷ ಕಲ್ಲಿನ ಮೇಲೆ ಎಲ್ಲರ ಕಣ್ಣೆದುರೇ ಇದ್ದರು. ಪುರೋಹಿತ ಸಿದ್ಧಾಂತದ ಕನ್ನಡಕ ಹಾಕಿದವರಿಗೆ ಕಂಡಿರಲಿಲ್ಲ. ಮಾಯಾ ಅಧ್ಯಯನದ ಹಿರಿಯಾಳು ಥಾಂಪ್ಸನ್ ಈ ವಾದವನ್ನು ಓದಿ, ತಮ್ಮ ಬಹುಕಾಲದ ನಿಲುವು ತಪ್ಪಾಗಿತ್ತೆಂದು ಒಪ್ಪಿಕೊಂಡರು. ಅದು ಅವರ ದೊಡ್ಡತನ. ಜೊತೆಗೆ ಸಾಕ್ಷ್ಯದ ಬಲವೂ ಹೌದು. ಮತ್ತೊಂದು ಸಿದ್ಧಾಂತದ ಎದುರು ಅವರು ಮಣಿಯುತ್ತಿರಲಿಲ್ಲ, ಮಣಿದದ್ದು ಒಂದು ಪಟ್ಟಿಗೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಇದರಲ್ಲಿ ಹೊಸದೇನು? ಕಲ್ಲುಗಳಲ್ಲಿ ಚರಿತ್ರೆ ಇದೆ ಎಂದು 1841ರಲ್ಲೇ ಪ್ರವಾಸಿ ಜಾನ್ ಲಾಯ್ಡ್ ಸ್ಟೀಫನ್ಸ್ ಕೋಪಾನ್ ನೋಡಿ ಬರೆದಿದ್ದರು. ಪಿಯೆದ್ರಾಸ್ ನೆಗ್ರಾಸ್‌ನ ತಾರೀಖುಗಳು ಒಬ್ಬ ವ್ಯಕ್ತಿಯ ಹುಟ್ಟು, ಪಟ್ಟ ಮುಂತಾದವು ಇರಬಹುದೆಂದು 1901ರಲ್ಲೇ ಚಾರ್ಲ್ಸ್ ಬೌಡಿಚ್ ಸೂಚಿಸಿದ್ದರು. 1958ರಲ್ಲಿ ಹೈನ್ರಿಶ್ ಬರ್ಲಿನ್ ಒಂದೊಂದು ನಗರಕ್ಕೂ ಒಂದೊಂದು ಲಾಂಛನ ಚಿಹ್ನೆ ಇರುವುದನ್ನು ತೋರಿಸಿದ್ದರು. ಇವೆಲ್ಲ ನಿಜ. ಆದರೆ ಈ ಆಕ್ಷೇಪ ನನ್ನ ವಾದವನ್ನು ಒಡೆಯುವುದಿಲ್ಲ, ಇನ್ನೂ ಗಟ್ಟಿ ಮಾಡುತ್ತದೆ. ಸರಿಯಾದ ಊಹೆ ಸುಮಾರು ಅರವತ್ತು ವರ್ಷ ಅಚ್ಚಿನಲ್ಲಿಯೇ ಇತ್ತು. ಅದರಿಂದ ಯಾರ ಮನಸ್ಸೂ ಬದಲಾಗಲಿಲ್ಲ. ಏಕೆಂದರೆ ಊಹೆಗೆ ಎದುರಾಗಿ ಇನ್ನೊಂದು ಊಹೆ ಹೇಳಿದರೆ ಸಾಕು, ಎರಡೂ ಸಮವಾಗಿಬಿಡುತ್ತವೆ. ಬೌಡಿಚ್ ಬಳಿ ಒಂದು ಒಳ್ಳೆಯ ಯೋಚನೆ ಇತ್ತು. ತತಿಯಾನಾ ಬಳಿ ಸಾಲುಸಾಲು ಕಲ್ಲುಗಳು, ಅವು ನಿಂತ ಜಾಗಗಳು, ಅವುಗಳ ದಿನಾಂಕಗಳು, ಪ್ರತಿ ದಿನಾಂಕದ ಪಕ್ಕದ ಚಿಹ್ನೆಗಳು ಇದ್ದವು. ಅನುಮಾನಪಡುವವರು ಕೂತು ತಾವೇ ಎಣಿಸಿ ನೋಡಬಹುದಿತ್ತು. ಹೊಳಹು ಯಾರಿಗೆ ಬೇಕಾದರೂ ಬರಬಹುದು. ಅದನ್ನು ಎಲ್ಲರೂ ಒಪ್ಪಲೇಬೇಕಾದ ಸತ್ಯವಾಗಿಸುವುದು ಎಣಿಕೆಯೇ.

ಎರಡನೆಯ ಆಕ್ಷೇಪ ಇದಕ್ಕಿಂತ ಭಾರವಾದದ್ದು. ಮಾಯಾ ಲಿಪಿಯನ್ನು ನಿಜವಾಗಿ ಬಿಡಿಸಿದವರು ತತಿಯಾನಾ ಅಲ್ಲ, ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಜೊವ್; 1952ರಲ್ಲಿ ಅವರು ಮಾಯಾ ಚಿಹ್ನೆಗಳು ಉಚ್ಚಾರಾಂಶಗಳನ್ನು ಸೂಚಿಸುತ್ತವೆ ಎಂದು ತೋರಿಸದೇ ಇದ್ದಿದ್ದರೆ ಇಂದಿಗೂ ಆ ಕಲ್ಲುಗಳ ದನಿ ಕೇಳುತ್ತಿರಲಿಲ್ಲ ಎಂಬ ವಾದ. ಕ್ನೊರೊಜೊವ್ ಅವರ ಸಾಧನೆಯನ್ನು ಯಾರೂ ಕಡಿಮೆ ಮಾಡಲಾರರು. ಕಾಡಿನ ಮುಖವನ್ನೇ ನೋಡದೆ ಲೆನಿನ್‌ಗ್ರಾಡ್‌ನಲ್ಲಿ ಕೂತು, ಅಚ್ಚಾದ ಪುಸ್ತಕಗಳನ್ನಷ್ಟೇ ಇಟ್ಟುಕೊಂಡು ಅವರು ಮಾಡಿದ ಕೆಲಸ ಅದ್ಭುತ. ಆದರೆ ಶಬ್ದ ತಿಳಿದ ಮಾತ್ರಕ್ಕೆ ವಿಷಯ ತಿಳಿಯುವುದಿಲ್ಲ. ಆ ಕಲ್ಲುಗಳು ಅರಸರ ಬಗ್ಗೆ ಮಾತಾಡುತ್ತವೆ ಎಂಬುದನ್ನು ತತಿಯಾನಾ ಸ್ಥಾಪಿಸಿದ್ದರಿಂದಲೇ ಶಬ್ದಗಳಿಗೆ ನಿಲ್ಲಲು ನೆಲ ಸಿಕ್ಕಿತು. ಇಬ್ಬರ ದಾರಿಗಳು ಒಂದೆಡೆ ಕೂಡಿದ್ದನ್ನು ಯಾಶ್ಚಿಲಾನ್ ನಗರದ ಶಾಸನಗಳಲ್ಲಿ ಕಾಣಬಹುದು. 1963 ಮತ್ತು 1964ರಲ್ಲಿ ಪ್ರಕಟಿಸಿದ ಎರಡು ಲೇಖನಗಳಲ್ಲಿ ತತಿಯಾನಾ ಆ ಊರಿನ ಇಬ್ಬರು ಅರಸರ ಬದುಕನ್ನು ಬಿಡಿಸಿಟ್ಟರು. ಹೆಸರು ಓದಲು ಬಾರದ್ದರಿಂದ ಚಿಹ್ನೆಯಲ್ಲಿ ಕಂಡಂತೆ ಗುರಾಣಿ-ಜಾಗ್ವಾರ್, ಹಕ್ಕಿ-ಜಾಗ್ವಾರ್ ಎಂದು ಕರೆದರು. ತಂದೆ 742ರಲ್ಲಿ ಸತ್ತ, ಮಗ ಪಟ್ಟಕ್ಕೇರಿದ್ದು 752ರಲ್ಲಿ. ನಡುವಣ ಹತ್ತು ವರ್ಷ ಗದ್ದುಗೆಗಾಗಿ ಏನೋ ಜಟಾಪಟಿ ನಡೆದಿರಬೇಕು ಎಂದರು. ಸೆರೆಯಾಳಿನ ತೊಡೆಯ ಮೇಲೆ ಕೆತ್ತಿದ ಚಿಹ್ನೆ ಅವನ ಹೆಸರೆಂದೂ, ಬರಹದಲ್ಲಿ ಆ ಹೆಸರಿನ ಹಿಂದೆ ಬರುವ ಚಿಹ್ನೆ ‘ಸೆರೆಹಿಡಿದ’ ಎಂಬ ಕ್ರಿಯೆಯೆಂದೂ ತರ್ಕಿಸಿದರು. ಅದೇ ಚಿಹ್ನೆಯನ್ನು ಕ್ನೊರೊಜೊವ್ ಪದ್ಧತಿಯಲ್ಲಿ ಓದಿದರೆ ಬರುವುದು ‘ಚುಕ’ ಎಂಬ ಧಾತು. ಮಾಯಾ ಭಾಷೆಗಳಲ್ಲಿ ಅದರ ಅರ್ಥ ಹಿಡಿ ಎಂದೇ. ಒಬ್ಬರು ಕಣ್ಣಿನಿಂದ, ಇನ್ನೊಬ್ಬರು ಕಿವಿಯಿಂದ ತಲುಪಿದ್ದು ಒಂದೇ ಜಾಗ. ಇವರಲ್ಲಿ ಯಾರು ನಿಜವಾದ ಶೋಧಕರು ಎಂದು ಕೇಳುವುದು, ಬೀಸುಕಲ್ಲಿನ ಎರಡು ಕಲ್ಲುಗಳಲ್ಲಿ ಹಿಟ್ಟು ಮಾಡಿದ್ದು ಯಾವುದು ಎಂದು ಕೇಳಿದಂತೆ.

ಹಾಗೆಂದು ತತಿಯಾನಾ ಅವರ ಕ್ರಮಕ್ಕೆ ಮಿತಿಯೇ ಇರಲಿಲ್ಲ ಎನ್ನಲಾಗದು. ರಷ್ಯನ್ ಅವರ ಮಾತೃಭಾಷೆ. ಕ್ನೊರೊಜೊವ್ ಬರಹಗಳನ್ನು ಮೂಲದಲ್ಲೇ ಓದಬಲ್ಲ ಕೆಲವೇ ಮಾಯಾ ತಜ್ಞರಲ್ಲಿ ಅವರೂ ಒಬ್ಬರು. ಆದರೂ ಉಚ್ಚಾರಾಂಶಗಳ ಓದನ್ನು ಅವರು ಕೊನೆಯವರೆಗೂ ಪೂರ್ತಿ ಒಪ್ಪಲಿಲ್ಲ. ಎಪ್ಪತ್ತರ ದಶಕದಲ್ಲಿ ಕಿರಿಯರು ಒಂದರ ಮೇಲೊಂದು ಶಾಸನವನ್ನು ದನಿಯೆತ್ತಿ ಓದತೊಡಗಿದಾಗಲೂ ಅವರ ಅನುಮಾನ ಕರಗಲಿಲ್ಲ. ಸಾಕ್ಷ್ಯ ಮೀರಿ ಒಂದು ಹೆಜ್ಜೆಯನ್ನೂ ಇಡೆನೆಂಬ ಗುಣ ಒಂದು ಘಟ್ಟದಲ್ಲಿ ಬಿಗುವಾಗಿ, ಎದುರಿಗೆ ಬಂದ ಹೊಸ ಸಾಕ್ಷ್ಯವನ್ನೂ ತಡೆಯಬಲ್ಲುದು. ಪಟ್ಟಿ ಮಾಡುವುದೇ ಸಾಕು, ಯೋಚನೆ ಬೇಡ ಎಂದು ನಾನು ಹೇಳುತ್ತಿಲ್ಲ. ಯಾವುದನ್ನು ಎಣಿಸಬೇಕು ಎಂಬುದೇ ಒಂದು ಯೋಚನೆ. ಗುಂಪಿನ ಮೊದಲ ಕಲ್ಲನ್ನೂ ಅದರ ತಾರೀಖನ್ನೂ ಪಕ್ಕಪಕ್ಕ ಇಟ್ಟು ನೋಡಬೇಕೆಂದು ತತಿಯಾನಾ ಅವರಿಗೆ ಹೊಳೆದದ್ದು ಗುಮಾಸ್ತೆಯ ಬುದ್ಧಿಯಿಂದಲ್ಲ. ಆದರೆ ಆ ಹೊಳಹು ಬಂದದ್ದು ಕಲ್ಲುಗಳನ್ನು ಒಂದೊಂದಾಗಿ ಬಿಡಿಸಿ ಬರೆದವರಿಗೇ ಹೊರತು, ಬರೆದಿಟ್ಟದ್ದನ್ನು ದೂರದಿಂದ ತಿರುವಿ ಹಾಕಿದವರಿಗಲ್ಲ.

ಇನ್ನು ನಮ್ಮ ಕಾಲದ ಆಕ್ಷೇಪ: ಎಣಿಸುವ ಕೆಲಸಕ್ಕೆ ಈಗ ಯಂತ್ರಗಳಿವೆಯಲ್ಲ, ಮನುಷ್ಯರೇಕೆ ಎರಡು ದಶಕ ಸವೆಸಬೇಕು? 2018ರಲ್ಲಿ ಗ್ವಾಟೆಮಾಲಾದ ಕಾಡಿನ ಮೇಲೆ ವಿಮಾನದಿಂದ ಲೇಸರ್ ಕಿರಣ ಹಾಯಿಸಿ 60,000ಕ್ಕೂ ಹೆಚ್ಚು ರಚನೆಗಳನ್ನು ಗುರುತಿಸಿದ ಸುದ್ದಿ ಬಂತು. ಕಾಲ್ನಡಿಗೆಯಲ್ಲಿ ಅದಕ್ಕೆ ತಲೆಮಾರುಗಳೇ ಬೇಕಾಗುತ್ತಿದ್ದವು. ಯಂತ್ರದ ವೇಗವನ್ನು ಅಲ್ಲಗಳೆಯುವುದು ಮೂರ್ಖತನ. ಆದರೆ ಯಂತ್ರ ಎಣಿಸುವುದು ಯಾರಾದರೂ ಉಳಿಸಿ, ಗುರುತು ಹಾಕಿಟ್ಟದ್ದನ್ನು ಮಾತ್ರ. 1960ರ ದಶಕದಲ್ಲಿ ಕಳ್ಳರು ಪಿಯೆದ್ರಾಸ್ ನೆಗ್ರಾಸ್‌ಗೆ ನುಗ್ಗಿ ನಿಲುಗಲ್ಲುಗಳನ್ನು ಗರಗಸದಿಂದ ಕೊಯ್ದು ಮಾರಿದರು. ಕೊಯ್ದ ತುಂಡು ಯಾರದೋ ದಿವಾನಖಾನೆಯಲ್ಲಿ ಸುಂದರ ಶಿಲ್ಪವಾಗಿ ನಿಲ್ಲಬಹುದು; ಅದು ಯಾವ ಕಲ್ಲಿನ ಪಕ್ಕದಲ್ಲಿ, ಯಾವ ದೇಗುಲದ ಮುಂದೆ ನಿಂತಿತ್ತು ಎಂಬುದು ಅಳಿಸಿಹೋದರೆ ತತಿಯಾನಾ ಕಂಡ ಸತ್ಯವೇ ಅಳಿಸಿಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಟಿಯೋಬರ್ಟ್ ಮಾಲರ್ ಎಂಬವರು ಅಲ್ಲಿಗೆ ಕ್ಯಾಮೆರಾ ಹೊತ್ತು ಹೋಗಿ ಒಂದೊಂದು ಕಲ್ಲನ್ನೂ ಇದ್ದ ಜಾಗ ಸಮೇತ ದಾಖಲಿಸಿದ್ದರಿಂದ ಅದು ಉಳಿಯಿತು. ನಮಗೆ ಹತ್ತಿರದ ಉದಾಹರಣೆಯೂ ಇದೆ. ಇದೇ ಕ್ನೊರೊಜೊವ್ 1960ರ ದಶಕದಲ್ಲಿ ತಮ್ಮ ಸಂಗಡಿಗರೊಂದಿಗೆ ಸಿಂಧೂ ಲಿಪಿಯನ್ನು ಗಣಕಯಂತ್ರಕ್ಕೆ ಒಡ್ಡಿ, ಅದರ ಭಾಷೆ ಕನ್ನಡ, ತಮಿಳುಗಳ ದ್ರಾವಿಡ ಕುಲದ್ದಿರಬಹುದು ಎಂದಿದ್ದರು. ಆ ಲಿಪಿ ಇನ್ನೂ ಸರ್ವಸಮ್ಮತವಾಗಿ ಬಿಡಿಸಲ್ಪಟ್ಟಿಲ್ಲ. ಓದಿದೆವೆಂದು ಸಾರಿದವರು ಎಷ್ಟೋ ಮಂದಿ ಬಂದರು, ಹೋದರು. ಆದರೆ ಐರಾವತಂ ಮಹಾದೇವನ್ 1977ರಲ್ಲಿ ಸಿದ್ಧಪಡಿಸಿಕೊಟ್ಟ ಸಿಂಧೂ ಚಿಹ್ನೆಗಳ ಪದಸೂಚಿಯನ್ನು ಎಲ್ಲ ಪಕ್ಷದವರೂ ಇಂದಿಗೂ ತೆರೆದು ನೋಡುತ್ತಾರೆ. ಓದುಗಳು ಬಿದ್ದುಹೋದವು, ಪಟ್ಟಿ ನಿಂತಿದೆ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಹಣದ್ದು. ಇಂಥ ನಿಧಾನದ ಕೆಲಸಕ್ಕೆ ಸಂಬಳ ಕೊಡುವವರು ಯಾರು? ತತಿಯಾನಾ ಒಂಟಿ ಸಾಹಸಿಯಾಗಿರಲಿಲ್ಲ. ಅವರ ಬೆನ್ನಿಗೆ ಕಾರ್ನೆಗಿ ಸಂಸ್ಥೆ ಇತ್ತು. ಅದು 1958ರಲ್ಲಿ ತನ್ನ ಪುರಾತತ್ವ ವಿಭಾಗವನ್ನೇ ಮುಚ್ಚಿತು. ಅವರ ಅತ್ಯಂತ ದೊಡ್ಡ ಫಸಲು ಕೈಗೆ ಬಂದದ್ದು ಅದಾದ ಎರಡು ವರ್ಷಕ್ಕೆ. ಹಾರ್ವರ್ಡ್‌ನ ಪೀಬಾಡಿ ಸಂಗ್ರಹಾಲಯ ಜಾಗ ಕೊಟ್ಟಿದ್ದರಿಂದ ಕೆಲಸ ಮುಂದುವರಿಯಿತು. ಲಿಪಿಯ ವಿಷಯದಲ್ಲಿ ಏನು ಕಂಡುಹಿಡಿದಿರಿ ಎಂದು 1955ರಲ್ಲಿ ಯಾವುದಾದರೂ ಸಮಿತಿ ಅವರನ್ನು ಕೇಳಿದ್ದರೆ, ತೋರಿಸಲು ಚಿತ್ರಗಳೂ ಪಟ್ಟಿಗಳೂ ಮಾತ್ರ ಇರುತ್ತಿದ್ದವು. ವರ್ಷಕ್ಕಿಷ್ಟು ಲೇಖನ, ಮೂರು ವರ್ಷಕ್ಕೊಂದು ಹೊಸ ಸಿದ್ಧಾಂತ ಎಂದು ವಿದ್ವತ್ತನ್ನು ಅಳೆಯುವ ಇಂದಿನ ಕೋಲಿನಲ್ಲಿ ಅವರು ಗೆಲ್ಲುತ್ತಿರಲಿಲ್ಲ. ಅವರು ತೀರಿಕೊಂಡದ್ದು 1985ರಲ್ಲಿ. ಗ್ವಾಟೆಮಾಲಾದ ದೀರ್ಘ ಅಂತರ್ಯುದ್ಧ ಮುಗಿದ ಮೇಲೆ, 1998ರಲ್ಲಿ, ಅವರ ಚಿತಾಭಸ್ಮವನ್ನು ಪಿಯೆದ್ರಾಸ್ ನೆಗ್ರಾಸ್‌ನ ಅರಮನೆ ದಿಬ್ಬದ ಮೇಲೆ ಹೂಳಲಾಯಿತು. ಅದು ಅವರು ಎಳೆಯ ವಯಸ್ಸಿನಲ್ಲಿ ಅಳತೆಪಟ್ಟಿ ಹಿಡಿದು ಬರೆದ ದಿಬ್ಬ. ಗೌರವ ಸಲ್ಲಿಸಿದ್ದು ಸರಿಯೇ. ಆದರೆ ಅಳತೆಪಟ್ಟಿ ಹಿಡಿದವರಿಗೆ ಸತ್ತ ಮೇಲೆ ಸ್ಮಾರಕಕ್ಕಿಂತ ಬದುಕಿದ್ದಾಗ ತಿಂಗಳ ಸಂಬಳ ಮುಖ್ಯ. ಅದನ್ನು ಕೊಡುವ ಸಮಾಜಕ್ಕೆ ಮಾತ್ರ ತನ್ನ ಕಲ್ಲುಗಳ ಮೇಲಿರುವವರು ದೇವರೋ ಮನುಷ್ಯರೋ ತಿಳಿಯುತ್ತದೆ.